ಎದೆ ಒತ್ತುವ ದೃಶ್ಯ

ಜೂನ್ 3, ಸೋಮವಾರ

ಬೆಳಿಗ್ಗೆ ಒಂಬತ್ತೂವರೆಗೆ ಅಣ್ಣನನ್ನು ಆಸ್ಪತ್ರೆಗೆ ಸೇರಿಸಿದೆವು. ನಾಲ್ಕನೇ ಮಹಡಿ, ಕಿಟಕಿ ಪಕ್ಕದ ಹಾಸಿಗೆ. ಬಿ.ಪಿ. ನೂರು-ಅರವತ್ತು. ನಾಡಿ ನೂರಾ ಎಂಟು. ಆಮ್ಲಜನಕ ತೊಂಬತ್ತೊಂದು. ಅರ್ಧ ಲೋಟ ಚಹಾ, ಎರಡು ಬಿಸ್ಕತ್ತು. ನೋವು ಹತ್ತಕ್ಕೆ ಆರು ಎಂದ. ಅವನು ಆರು ಎಂದರೆ ಎಂಟು ಎಂದು ತಿಳಿಯಬೇಕು.

ಶ್ವಾಸಕೋಶದ ಕ್ಯಾನ್ಸರ್ ಈಗ ಯಕೃತ್ತಿಗೂ ಪಕ್ಕೆಲುಬಿಗೂ ಹಬ್ಬಿದೆ. ಇನ್ನು ಔಷಧಿ ನೋವಿಗೆ ಮಾತ್ರ, ಕಾಯಿಲೆಗಲ್ಲ. ಡಾಕ್ಟರ್ ಅದನ್ನು ಹೇಳುವಾಗ ನನ್ನ ಮುಖ ನೋಡುತ್ತಿದ್ದರು. ನಾನು ತಲೆಯಾಡಿಸಿದೆ. ನನಗೆ ಗೊತ್ತಿಲ್ಲದ್ದೇನೂ ಅವರು ಹೇಳಲಿಲ್ಲ.

ಇಪ್ಪತ್ತಾರು ವರ್ಷ ತೀವ್ರ ನಿಗಾ ಘಟಕದಲ್ಲಿ ನರ್ಸ್ ಆಗಿದ್ದೆ. ಪಾಳಿ ಮುಗಿಸುವ ಮುಂಚೆ ರೋಗಿಯ ಬಗ್ಗೆ ನಾಲ್ಕು ಸಾಲು ಬರೆಯದೆ ಮನೆಗೆ ಹೊರಟವನಲ್ಲ. ಸೊಂಟ ಕೈಕೊಟ್ಟು ಕೆಲಸ ಬಿಟ್ಟ ಮೇಲೆ ಎರಡು ವರ್ಷದಿಂದ ಏನೂ ಬರೆದಿಲ್ಲ. ಇವತ್ತು ಬರೆಯಬೇಕು ಅನ್ನಿಸಿತು. ಅಷ್ಟೆ, ಬೇರೆ ಏನೂ ಅನ್ನಿಸಲಿಲ್ಲ.

ಮಧ್ಯಾಹ್ನ ಶೂಟಿಂಗಿಗೆ ಹೋದೆ. ಮೂರು ದೃಶ್ಯ ಇದ್ದವು.


ಜೂನ್ 5, ಬುಧವಾರ

ಈಗಿನ ನನ್ನ ಕೆಲಸ ಟಿ.ವಿ. ಸೀರಿಯಲ್ಲಿಗೆ ಆಸ್ಪತ್ರೆಯ ವಿಷಯದಲ್ಲಿ ಸಲಹೆ ಕೊಡುವುದು. ಸೂಜಿ ಎಲ್ಲಿ ಚುಚ್ಚಬೇಕು, ಸ್ಟೆತಸ್ಕೋಪ್ ಯಾವ ಕಡೆಯಿಂದ ಕಿವಿಗೆ ಹಾಕಬೇಕು, ಇಂಥವು. ನರ್ಸ್ ಒಬ್ಬ ಸಲಹೆ ಕೊಡಬಹುದು ಎಂಬುದು ಅಲ್ಲಿ ಯಾರ ತಲೆಗೂ ಹೋಗಿಲ್ಲ, ಹಾಗಾಗಿ ಎಲ್ಲರೂ ನನ್ನನ್ನು ‘ಡಾಕ್ಟ್ರೇ’ ಎನ್ನುತ್ತಾರೆ. ಮೊದಲ ವಾರ ತಿದ್ದಿದೆ. ಎರಡನೇ ವಾರ ಬಿಟ್ಟೆ.

ನಮ್ಮ ಸೀರಿಯಲ್ಲಿನ ಆಸ್ಪತ್ರೆಯಲ್ಲಿ ಹೀರೋ ಡಾಕ್ಟರೇ ರಕ್ತ ತೆಗೆಯುತ್ತಾನೆ, ಅವನೇ ಸ್ಟ್ರೆಚರ್ ತಳ್ಳುತ್ತಾನೆ, ಅವನೇ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚುತ್ತಾನೆ, ಅವನೇ ರೋಗಿಯ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳುತ್ತಾನೆ. ನರ್ಸುಗಳು ಫೈಲು ಹಿಡಿದುಕೊಂಡು ಹಿಂದೆ ಓಡುತ್ತಾರೆ. ಯಾರೂ ಸರತಿಯಲ್ಲಿ ನಿಲ್ಲುವುದಿಲ್ಲ. ಯಾರಿಗೂ ಮಲಬದ್ಧತೆ ಇಲ್ಲ. ಮೂತ್ರದ ಚೀಲ ಒಂದನ್ನು ಹಾಸಿಗೆಗೆ ನೇತುಹಾಕಿಸಿದ್ದೆ, ಕ್ಯಾಮೆರಾದವನು ನೋಡಿ ‘ಅಯ್ಯೋ, ಊಟದ ಹೊತ್ತಿಗೆ ಬರೋ ಸೀರಿಯಲ್ಲು’ ಎಂದು ತೆಗೆಸಿದ.

ಸಂಜೆ ಏಳಕ್ಕೆ ವಾರ್ಡಿನ ಟಿ.ವಿ.ಯಲ್ಲಿ ಅದೇ ಸೀರಿಯಲ್. ಅಣ್ಣ, ಅತ್ತಿಗೆ ಇಬ್ಬರೂ ತಪ್ಪದೆ ನೋಡುತ್ತಾರೆ. ಅಣ್ಣ ಮೂವತ್ತೆಂಟು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು. ತಪ್ಪು ಹುಡುಕದೆ ಅವನಿಗೆ ಏನನ್ನೂ ನೋಡಲು ಬರುವುದಿಲ್ಲ.

“ಕುಳ್ಳ, ಸೋಮವಾರದ ಹೆಣ ಉಸಿರಾಡ್ತಿತ್ತು ಕಣೋ” ಎಂದ. ನನಗೆ ಐವತ್ತನಾಲ್ಕು, ಅವನಿಗೆ ಇನ್ನೂ ಕುಳ್ಳನೇ.

“ಬದುಕಿರೋರನ್ನ ಮಲಗಿಸಿದ್ರೆ ಉಸಿರಾಡದೆ ಇರ್ತಾರಾ?”

“ಅಲ್ಲ, ನಾನು ಹೇಳ್ತಿರೋದು ಒಂದು ಹೆಣ ಅಂತ ಒಪ್ಕೊಂಡ ಮೇಲೆ ಕೊನೇ ತನಕ ಹೆಣವಾಗೇ ಇರ್ಬೇಕು. ಒಂದು ಶಿಸ್ತು ಬೇಡ್ವಾ?”

ಅತ್ತಿಗೆ ಗದರಿದರು. ಕೊನೆಯಲ್ಲಿ ಹೆಸರುಗಳು ಓಡುವಾಗ ನನ್ನ ಹೆಸರು ಬಂತೆಂದು ಪಕ್ಕದ ಹಾಸಿಗೆಯವರಿಗೆ ತೋರಿಸಿದರು. ಅದು ಕಣ್ಣಿಗೆ ಬಿದ್ದು ಮಾಯವಾಗುವಷ್ಟು ಹೊತ್ತು ಇರುತ್ತದೆ, ಅತ್ತಿಗೆ ಮಾತ್ರ ಒಂದು ದಿನವೂ ತಪ್ಪಿಸಿಕೊಂಡಿಲ್ಲ.

ಬಿ.ಪಿ. ತೊಂಬತ್ತೆಂಟು-ಅರವತ್ತು. ಕಾಲು ಊದಿದೆ.


ಜೂನ್ 8, ಶನಿವಾರ

ವಾರ್ಡಿನ ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ, ಕುರ್ಚಿ ಎಳೆದುಕೊಂಡು ಕೂತು ಮಾತಾಡುತ್ತಾರೆ. ಅದು ಒಳ್ಳೆಯ ಗುಣ. ಅತ್ತಿಗೆ ಮನೆಗೆ ಹೋಗಿದ್ದ ಹೊತ್ತಿನಲ್ಲಿ ಅಣ್ಣನ ಹತ್ತಿರ ನೇರವಾಗಿ ಕೇಳಿದರು. ಹೃದಯ ನಿಂತರೆ ಎದೆ ಒತ್ತಿ, ಗಂಟಲಿಗೆ ಕೊಳವೆ ಹಾಕಿ, ಯಂತ್ರಕ್ಕೆ ಜೋಡಿಸಬೇಕೋ ಬೇಡವೋ? ಬೇಡವಾದರೆ ಒಂದು ಕಾಗದಕ್ಕೆ ಸಹಿ ಬೇಕು. ಕಾಗದ ಇಲ್ಲದಿದ್ದರೆ ನಾವು ಒತ್ತಲೇಬೇಕಾಗುತ್ತದೆ ಎಂದರು.

ಅಣ್ಣ ನನ್ನ ಕಡೆ ತಿರುಗಿ “ಒತ್ತಿದ್ರೆ ಏನಾಗುತ್ತೆ, ಹೇಳು” ಎಂದ.

ಹೇಳಿದೆ. ಪಕ್ಕೆಲುಬಿಗೆ ಹಬ್ಬಿರುವುದರಿಂದ ಮೊದಲ ನಾಲ್ಕೈದು ಸಲಕ್ಕೇ ಅವು ಮುರಿಯುತ್ತವೆ. ಇಂಥ ಕಾಯಿಲೆಯಲ್ಲಿ ಎದೆ ಒತ್ತಿ ಮನೆಗೆ ಕಳಿಸಿದ ಒಬ್ಬರೂ ನನಗೆ ನೆನಪಿಲ್ಲ. ಎರಡು ದಿನ ಯಂತ್ರದ ಮೇಲೆ ಇಟ್ಟು ಆಮೇಲೆ ತೆಗೆದದ್ದು ನೆನಪಿದೆ. ಇಷ್ಟನ್ನೂ ಬೇರೆ ಯಾರದೋ ಅಣ್ಣನಿಗೆ ಹೇಳುವ ಧ್ವನಿಯಲ್ಲೇ ಹೇಳಿದೆ. ಚೆನ್ನಾಗಿಯೇ ಹೇಳಿದೆ.

“ಹಾಗಾದ್ರೆ ಬೇಡ” ಎಂದ ಅಣ್ಣ. “ಆದ್ರೆ ನಿಮ್ಮ ಅತ್ತಿಗೆ ಒಪ್ಪದೆ ನಾನು ಸಹಿ ಹಾಕಲ್ಲ. ನಲವತ್ತೆರಡು ವರ್ಷದಲ್ಲಿ ಅವಳನ್ನ ಕೇಳದೆ ಒಂದು ಪರದೆ ಬದಲಾಯಿಸಿಲ್ಲ.”

“ನೀನೇ ಹೇಳು.”

“ನಾನು ಹೇಳಿದ್ರೆ ಅಳ್ತಾಳೆ. ನೀನು ಹೇಳಿದ್ರೆ ಕೇಳ್ತಾಳೆ. ನಿನಗೆ ಇದು ಕಸುಬು.”

ಕಸುಬು ಹೌದು. ಸಾವಿರ ಸಲ ಮಾಡಿದ್ದೇನೆ. ಸೋಮವಾರ ಹೇಳುತ್ತೇನೆ.


ಜೂನ್ 10, ಸೋಮವಾರ

ಹೇಳಲಿಲ್ಲ. ಅತ್ತಿಗೆಗೆ ತಲೆನೋವಿತ್ತು.


ಜೂನ್ 11, ಮಂಗಳವಾರ

ಹೇಳಲಿಲ್ಲ. ಆಮ್ಲಜನಕ ಎಂಬತ್ತೊಂಬತ್ತು. ಮೂಗಿಗೆ ನಳಿಕೆ ಹಾಕಿದರು.


ಜೂನ್ 12, ಬುಧವಾರ

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಹೇಳಿದೆ. ಅತ್ತಿಗೆ ಬ್ರೆಡ್ಡಿನ ಅಂಚು ಕಿತ್ತು ತಟ್ಟೆಯ ಬದಿಗೆ ಇಡುತ್ತಿದ್ದರು. ನಾನು ಮಾತು ಮುಗಿಸುವವರೆಗೂ ಆ ಕೆಲಸ ನಿಲ್ಲಲಿಲ್ಲ.

“ಅಂದ್ರೆ ಇವರ ಉಸಿರು ನಿಂತ್ರೆ ಎಲ್ಲರೂ ಕೈ ಕಟ್ಕೊಂಡು ನಿಂತು ನೋಡ್ಬೇಕು. ಅದಕ್ಕೆ ನಾನು ಹೂಂ ಅನ್ಬೇಕು.”

“ನೋಡೋದಲ್ಲ ಅತ್ತಿಗೆ. ನೋವಾಗದ ಹಾಗೆ ಕಾಯೋದು.”

“ಹೋದ ತಿಂಗಳು ಆ ಬಸ್ಸಿನ ಡ್ರೈವರ್ ಸತ್ತೇಹೋಗಿದ್ದ. ಗೆರೆ ನೆಟ್ಟಗೆ ಬಂದಿತ್ತು, ಪೀಂ ಅಂತ ಶಬ್ದ ಬೇರೆ. ಕರೆಂಟ್ ಕೊಟ್ರು, ಎದೆ ಒತ್ತಿದ್ರು, ಎದ್ದ. ಎದ್ದು ಹೆಂಡತಿ ಹೆಸರು ಹೇಳಿದ. ನಾನು ನೋಡಿದೀನಿ.”

“ಅದು ಸೀರಿಯಲ್ಲು ಅತ್ತಿಗೆ.”

“ಸೀರಿಯಲ್ಲು ಅಂತ ನನಗೂ ಗೊತ್ತು ಕಣೋ, ನಾನೇನು ದಡ್ಡಿನಾ? ಪ್ರೀತಿ ಗೀತಿ ಎಲ್ಲ ಅವರು ಕಟ್ಟಿದ್ದು. ಆದ್ರೆ ಆಸ್ಪತ್ರೆದು ನೀನು ಹೇಳಿಕೊಟ್ಟಿದ್ದು. ಕೊನೇಲಿ ನಿನ್ನ ಹೆಸರು ಹಾಕ್ತಾರೆ. ಸುಳ್ಳಾಗಿದ್ರೆ ನೀನು ಹೆಸರು ಹಾಕೋಕೆ ಬಿಡ್ತಿದ್ಯಾ?”

ನಾನು ಚಹಾದ ಲೋಟ ಪಕ್ಕಕ್ಕೆ ಸರಿಸಿದೆ.

“ಯಾವನೋ ಡ್ರೈವರ್‌ಗೆ ಇರೋ ಭಾಗ್ಯ ಇವರಿಗೆ ಬೇಡ್ವಾ?” ಎಂದು ಅತ್ತಿಗೆ ಎದ್ದರು. ಬ್ರೆಡ್ಡು ಹಾಗೇ ಇತ್ತು. ನಾನು ತಿಂದೆ.

ಇಲ್ಲಿ ಬರೆದುಕೊಳ್ಳಬೇಕಾದ ವಿಷಯ ಒಂದಿದೆ. ಗೆರೆ ನೆಟ್ಟಗಾದ ಹೃದಯಕ್ಕೆ ಕರೆಂಟ್ ಕೊಡುವುದಿಲ್ಲ. ಕೊಟ್ಟು ಪ್ರಯೋಜನವಿಲ್ಲ. ನರ್ಸಿಂಗ್ ಓದುವ ಮಕ್ಕಳಿಗೂ ಗೊತ್ತಿರುವ ಸಂಗತಿ. ಅದನ್ನು ನಾನು ಮೊದಲ ವಾರವೇ ಸೀರಿಯಲ್ಲಿನವರಿಗೆ ಹೇಳಿದ್ದೆ. ‘ಡಾಕ್ಟ್ರೇ, ನೆಟ್ಟಗಿದ್ರೇನೆ ಜನಕ್ಕೆ ಎದೆ ಧಸಕ್ ಅನ್ನೋದು’ ಎಂದರು. ಎರಡನೇ ಸಲ ಮೆಲ್ಲಗೆ ಹೇಳಿದೆ. ಡ್ರೈವರಿನ ದಿನ ಹೇಳಲೇ ಇಲ್ಲ. ಅವತ್ತು ಅಣ್ಣನ ಸ್ಕ್ಯಾನಿನ ವರದಿ ಬಂದಿತ್ತು, ನಾನು ಮೂಲೆಯ ಕುರ್ಚಿಯಲ್ಲಿ ಕೂತು ಅದನ್ನು ಓದುತ್ತಿದ್ದೆ. ‘ಓಕೇನಾ ಡಾಕ್ಟ್ರೇ?’ ಎಂದರು. ಕಾಗದದಿಂದ ತಲೆ ಎತ್ತದೆ ಓಕೆ ಎಂದೆ.


ಜೂನ್ 13, ಗುರುವಾರ

ನಿರ್ದೇಶಕರ ಹತ್ತಿರ ಒಬ್ಬ ರೋಗಿಯನ್ನು ಸಾಯಿಸಿ ಎಂದು ಕೇಳಿದೆ.

ಅವರು ಚಹಾ ಕುಡಿಯುತ್ತಿದ್ದವರು ನಿಲ್ಲಿಸಿದರು. ನಾನು ವಿವರಿಸಿದೆ. ಇಲ್ಲಿಯವರೆಗೆ ಹನ್ನೊಂದು ಜನರ ಎದೆ ಒತ್ತಿದ್ದೀರಿ, ಹತ್ತು ಜನ ಎದ್ದು ಕೂತರು, ಹನ್ನೊಂದನೆಯವನು ವಿಲನ್. ಒಬ್ಬರಾದರೂ ಒಳ್ಳೆಯವರು ಒತ್ತಿದ ಮೇಲೂ ಹೋಗಲಿ. ಇಲ್ಲವೇ ಒಬ್ಬರಾದರೂ ಒತ್ತುವುದು ಬೇಡ ಎಂದು ಹೇಳಿ ಮನೆಯವರ ಕೈ ಹಿಡಿದುಕೊಂಡು ಹೋಗಲಿ.

“ಡಾಕ್ಟ್ರೇ, ಜನ ದಿನವಿಡೀ ನಿಜ ನೋಡಿ ಸುಸ್ತಾಗಿ ಬಂದು ಟಿ.ವಿ. ಹಾಕ್ತಾರೆ. ಅಲ್ಲೂ ನಾವು ಅದನ್ನೇ ತೋರಿಸಿದ್ರೆ ಹೇಗೆ? ನಮ್ಮಮ್ಮ ಆಸ್ಪತ್ರೆಲಿ ಹೋದಾಗ ಎರಡು ಗಂಟೆ ನಮಗೆ ಯಾರೂ ಏನೂ ಹೇಳ್ಲಿಲ್ಲ. ಅದಕ್ಕೇ ನನ್ನ ಸೀರಿಯಲ್‌ನಲ್ಲಿ ಡಾಕ್ಟರ್ ಓಡಿ ಬಂದು ಹೇಳ್ತಾನೆ. ಗೊತ್ತಾಯ್ತಾ?”

ಗೊತ್ತಾಯಿತು. ಕೆಟ್ಟ ಮನುಷ್ಯನೇನಲ್ಲ. ನಾನು ಹೋಗಿ ಡ್ರಿಪ್ಪಿನ ಬಾಟಲಿ ಸರಿಯಾಗಿದೆಯೇ ನೋಡಿದೆ. ಬಾಯಿ ಮೇಲಾಗಿ ಕಟ್ಟಿದ್ದರು. ಕಟ್ಟಿದವನಿಗೆ ಬಾಯಿಗೆ ಬಂದಂತೆ ಬೈದೆ. ಅವನು ಗಾಬರಿಯಾಗಿ ನಿಂತುಬಿಟ್ಟ. ನಾನು ಸೆಟ್ಟಿನಲ್ಲಿ ಯಾರಿಗೂ ಬೈದವನಲ್ಲ. ಸೊಂಟನೋವು ಇತ್ತು, ಅದಕ್ಕೇ ಇರಬೇಕು.


ಜೂನ್ 16, ಭಾನುವಾರ

ತಪ್ಪು ಬಸ್ಸು ಹತ್ತಿದೆ. ಕೊನೆಯ ನಿಲ್ದಾಣದಲ್ಲಿ ಡ್ರೈವರ್ ಬಂದು ಇಳಿಯಿರಿ ಎಂದಾಗಲೇ ಗೊತ್ತಾದದ್ದು.

ಅಣ್ಣ ಸೂಪು ನಾಲ್ಕು ಚಮಚ ಕುಡಿದ. ಉಸಿರು ನಿಮಿಷಕ್ಕೆ ಇಪ್ಪತ್ತೆಂಟು. ಅತ್ತಿಗೆ ನನ್ನ ಜೊತೆ ಮಾತಾಡುತ್ತಿಲ್ಲ. ಚಹಾ ಮಾತ್ರ ತಂದುಕೊಡುತ್ತಾರೆ, ಸಕ್ಕರೆ ಹಾಕದೆ.


ಜೂನ್ 17, ಸೋಮವಾರ

ಡಾಕ್ಟರ್ ವಾರ್ಡಿನ ಹೊರಗೆ ನನ್ನನ್ನು ನಿಲ್ಲಿಸಿದರು.

“ಸರ್, ನಿಮಗೆ ಹೇಳಬೇಕಾಗಿಲ್ಲ. ಇನ್ನು ಹತ್ತು ದಿನ ಇರಬಹುದು, ನಾಳೆಯೂ ಆಗಬಹುದು. ಕಾಗದ ಇಲ್ಲದೆ ಹೃದಯ ನಿಂತುಹೋದ್ರೆ ನಾನೇ ಹಾಸಿಗೆ ಹತ್ತಿ ಒತ್ತಬೇಕು. ನನಗೆ ಅವರ ಎದೆ ಮುರಿಯೋಕೆ ಇಷ್ಟ ಇಲ್ಲ ಸರ್.”

ಹುಡುಗಿಯ ಕಣ್ಣು ಕೆಂಪಾಗಿತ್ತು. ಅಭ್ಯಾಸವಾಗುತ್ತದೆ ಎಂದೆ. ಅವರು ನನ್ನನ್ನು ಒಂದು ಥರ ನೋಡಿದರು.

ಅಣ್ಣ ಎಚ್ಚರವಿದ್ದಾಗ ಕೇಳಿದ: “ಹೇಳಿದ್ಯಾ?”

“ಹೇಳಿದೆ. ಒಪ್ಪಲಿಲ್ಲ.”

“ಇನ್ನೊಂದ್ಸಲ ಕರಡು ನೋಡು” ಎಂದ. ನಕ್ಕ. ನಕ್ಕಿದ್ದಕ್ಕೆ ಐದು ನಿಮಿಷ ಕೆಮ್ಮಿದ.


ಜೂನ್ 19, ಬುಧವಾರ

ಇವತ್ತು ಅತ್ತಿಗೆಯನ್ನು ಶೂಟಿಂಗಿಗೆ ಕರೆದುಕೊಂಡು ಹೋದೆ. ಅಣ್ಣನೇ ಹೇಳಿದ್ದು, ಅವಳಿಗೂ ಸ್ವಲ್ಪ ಗಾಳಿ ಬೇಕು, ನನ್ನ ಮುಖ ನೋಡಿ ನೋಡಿ ಸಾಕಾಗಿದೆ ಅಂತ. ಪಕ್ಕದ ಹಾಸಿಗೆಯವರ ಮಗಳು ಎರಡು ಗಂಟೆ ನೋಡಿಕೊಳ್ಳುತ್ತೇನೆ ಎಂದಳು. ಅಲ್ಲಿ ಎಲ್ಲವೂ ಹಲಗೆ, ಬಣ್ಣ, ಬಟ್ಟೆ ಎಂದು ಕಣ್ಣಾರೆ ಕಂಡರೆ ಬುದ್ಧಿಗೆ ಹತ್ತಬಹುದೆಂದು ನನ್ನ ಎಣಿಕೆ.

ಎಣಿಕೆ ಕೆಟ್ಟಿತು. ಅತ್ತಿಗೆಗೆ ಖುಷಿಯೋ ಖುಷಿ. ವಾರ್ಡಿಗೆ ಮೂರೇ ಗೋಡೆ, ಲಿಫ್ಟಿನ ಬಾಗಿಲ ಹಿಂದೆ ಲಿಫ್ಟೇ ಇಲ್ಲ, ಔಷಧಿ ಬಾಟಲಿಯಲ್ಲೆಲ್ಲ ಬಣ್ಣದ ನೀರು. ಒಂದೊಂದನ್ನೂ ಮುಟ್ಟಿ ನೋಡಿದರು. ಹಾಸಿಗೆಯ ಕೆಳಗೆ ಕೂತು ರಿಮೋಟಿನಿಂದ ಹೃದಯದ ಗೆರೆ ಓಡಿಸುವವನೊಬ್ಬ ಇದ್ದಾನೆ, ಅವನಿಗೆ ನಾವು ಮಾನಿಟರ್ ಮಾಮ ಎನ್ನುತ್ತೇವೆ. ಅವನು ಕೆಳಗಿನಿಂದಲೇ ಕತ್ತು ಹೊರಗೆ ಹಾಕಿ, “ಅಮ್ಮಾ, ಹೃದಯ ನನ್ನ ಕೈಲಿದೆ ನೋಡಿ. ಓಡಿಸ್ಲಾ, ನಿಲ್ಲಿಸ್ಲಾ?” ಎಂದ. ಅತ್ತಿಗೆ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. ಹದಿನೈದು ದಿನದಲ್ಲಿ ಅವರು ನಕ್ಕಿದ್ದು ನೋಡಿರಲಿಲ್ಲ.

ರೋಗಿಯ ಪಾತ್ರದವರು ಬೆಳಿಗ್ಗೆ ಏಳರಿಂದ ಮಲಗಿ ಮಲಗಿ ನಿದ್ದೆಹೋಗಿದ್ದರು. ಹೀರೋ ಎದೆ ಒತ್ತುತ್ತ ‘ನನ್ನನ್ನ ಬಿಟ್ಟು ಹೋಗ್ಬೇಡಿ’ ಎನ್ನುವಾಗ ಅವರು ಗೊರಕೆ ಹೊಡೆದರು. ಇಡೀ ಸೆಟ್ಟು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆನೋ ಇಲ್ಲವೋ ನೆನಪಿಲ್ಲ.

ಆಮೇಲೆ ನರ್ಸಿನ ಪಾತ್ರಕ್ಕೆ ಹೊಸದಾಗಿ ಬಂದ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದಳು. “ಸರ್, ನಿಜವಾಗ್ಲೂ ಹೇಗೆ ಒತ್ತುತ್ತಾರೆ? ನನಗೆ ಒಂದ್ಸಲ ತೋರಿಸಿ.” ಇದುವರೆಗೆ ಯಾರೂ ಕೇಳಿರಲಿಲ್ಲ. ತರಬೇತಿಗೆಂದು ನಾನು ತರಿಸಿದ್ದ ಗೊಂಬೆ, ತಲೆ ಎದೆ ಮಾತ್ರ ಇರುವಂಥದ್ದು, ಪೆಟ್ಟಿಗೆಯಲ್ಲೇ ಕೂತಿತ್ತು. ಅದನ್ನು ನೆಲದ ಮೇಲೆ ಇಟ್ಟು ಮಂಡಿಯೂರಿದೆ. ಬೇಕಾದಷ್ಟು ಆಳಕ್ಕೆ ಒತ್ತಿದರೆ ಅದರೊಳಗಿನ ಸ್ಪ್ರಿಂಗು ಟಕ್ ಎನ್ನುತ್ತದೆ.

ಒತ್ತಿದೆ. ಮೊಣಕೈ ನೆಟ್ಟಗೆ, ಹೆಗಲು ಕೈಯ ಮೇಲೆ, ಇಡೀ ಮೈಭಾರ. ಟಕ್, ಟಕ್, ಟಕ್. ಬಾಯಲ್ಲಿ ಎಣಿಸುತ್ತ ಮೂವತ್ತು. ಮತ್ತೆ ಮೂವತ್ತು. ಎರಡು ವರ್ಷವಾಗಿದ್ದರೂ ಕೈ ಮರೆತಿರಲಿಲ್ಲ. ಗೊಂಬೆಯ ತಲೆ ಪ್ರತಿ ಸಲಕ್ಕೂ ನೆಲಕ್ಕೆ ಬಡಿಯುತ್ತಿತ್ತು. ಸೆಟ್ಟಿನ ಮಾತು ಒಂದೊಂದಾಗಿ ನಿಂತಿತು. ಮುಗಿಸಿ ತಲೆ ಎತ್ತಿದರೆ ಅತ್ತಿಗೆ ಎದುರಿಗೆ ನಿಂತಿದ್ದರು.

“ಇಷ್ಟು ಜೋರಾಗಾ?”

“ಹೂಂ.”

“ಅವರು ಹಾಗೆ ಒತ್ತಲಿಲ್ಲವಲ್ಲ. ಕೈ ಬಗ್ಗಿಸಿ ಮೆಲ್ಲಗೆ ಮಾಡ್ತಿದ್ರು.”

“ಅಲ್ಲಿ ಮಲಗಿರೋರು ಬದುಕಿದಾರಲ್ಲ ಅತ್ತಿಗೆ. ನೋವಾಗಬಾರದು ಅಂತ ನಾನೇ ಹಾಗೆ ಹೇಳಿಕೊಟ್ಟಿದ್ದು.”

“ಇವರಿಗೆ ಹೇಗೆ ಮಾಡ್ತಾರೆ?”

ಗೊಂಬೆಯನ್ನು ತೋರಿಸಿದೆ.

ಬಸ್ಸಿನಲ್ಲಿ ಬರುವಾಗ ಅರ್ಧ ದಾರಿ ಅತ್ತಿಗೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಆಮೇಲೆ ಹೇಳಿದರು. “ಎದೆ ಮೇಲೆ ಕೈಯಿಟ್ಟು ಎಬ್ಬಿಸ್ತಾರೆ ಅಂದ್ಕೊಂಡಿದ್ದೆ ಕಣೋ. ಸ್ಕೂಲಿಗೆ ಹೊತ್ತಾಯ್ತು ಅಂತ ನಿನ್ನನ್ನ ಎಬ್ಬಿಸ್ತಿರ್ಲಿಲ್ವಾ, ಹಾಗೆ.”

ಅವರು ಮದುವೆಯಾಗಿ ಬಂದಾಗ ನನಗೆ ಹನ್ನೆರಡು. ಅಪ್ಪ ಅಮ್ಮ ಇರಲಿಲ್ಲ. ಎಬ್ಬಿಸಿದ್ದು, ತಲೆ ಬಾಚಿದ್ದು, ಡಬ್ಬಿ ಕಟ್ಟಿದ್ದು ಎಲ್ಲ ಅವರೇ.

“ಎಷ್ಟು ಜನಕ್ಕೆ ಹೀಗೆ ಮಾಡಿದೀಯ?”

“ಲೆಕ್ಕ ಇಟ್ಟಿಲ್ಲ.”

“ನೂರು?”

“ಜಾಸ್ತಿ.”

“ಮನೆಗೆ ಬಂದು ನನ್ನ ಎದುರಿಗೇ ಊಟಕ್ಕೆ ಕೂರ್ತಿದ್ದೆ. ಒಂದು ದಿನ ಬಾಯಿ ಬಿಟ್ಟು ಹೇಳ್ಲಿಲ್ಲ.”

“ಹೇಳೋದೇನಿದೆ ಅತ್ತಿಗೆ.”

ಅತ್ತಿಗೆ ನನ್ನ ಕೈಯನ್ನು ಎತ್ತಿ ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಅಂಗೈಯ ಬುಡ ಒತ್ತಿ ಒತ್ತಿ ಕೆಂಪಾಗಿತ್ತು. ಅದನ್ನು ಅವರು ನಿಲ್ದಾಣ ಬರುವವರೆಗೂ ಉಜ್ಜಿದರು. ನನಗೆ ನೋವೇನೂ ಇರಲಿಲ್ಲ, ಆದರೂ ಸುಮ್ಮನೆ ಬಿಟ್ಟೆ.


ಜೂನ್ 20, ಗುರುವಾರ

ಕಾಗದಕ್ಕೆ ಸಹಿ ಆಯಿತು.

ಅತ್ತಿಗೆ ಹಾಸಿಗೆಯ ಅಂಚಿನಲ್ಲಿ ಕೂತು, “ರೀ, ನನಗೆ ಒಪ್ಪಿಗೆ. ನಿಮಗೆ ನೋವಾಗೋದು ಬೇಡ” ಎಂದರು. ಅತ್ತರು, ಅಣ್ಣ ಹೇಳಿದ ಹಾಗೆಯೇ. ಅಣ್ಣ ಅವರ ಮುಂಗೈ ತಟ್ಟುತ್ತ “ಆಯ್ತು, ಆಯ್ತು” ಎಂದ. ಆಮೇಲೆ ಕನ್ನಡಕ ಕೇಳಿದ. ಕಾಗದವನ್ನು ಪೂರ್ತಿ ಓದಿ, ಪೆನ್ನು ತೆಗೆದುಕೊಂಡು ಎರಡು ಅಲ್ಪವಿರಾಮ ಸೇರಿಸಿ, ಆಮೇಲೆ ಸಹಿ ಹಾಕಿದ. ಡಾಕ್ಟರ್ ಹುಡುಗಿ ನಗಬೇಕೋ ಅಳಬೇಕೋ ಗೊತ್ತಾಗದೆ ನಿಂತಿದ್ದಳು. ಅತ್ತಿಗೆಯ ಸಹಿ ಅವನದರ ಕೆಳಗೆ. ಸಾಕ್ಷಿಯ ಜಾಗದಲ್ಲಿ ನಾನು.

ಕೆಲಸ ಒಂದು ಮುಗಿಯಿತು. ಸರಿಯಾಗಿಯೇ ಮುಗಿಯಿತು. ಕಾಗದವನ್ನು ಫೈಲಿನ ಮೊದಲ ಪುಟಕ್ಕೆ ಹಾಕಿಸಿದೆ, ಯಾರು ತೆರೆದರೂ ಮೊದಲು ಅದೇ ಕಾಣಬೇಕು.


ಜೂನ್ 23, ಭಾನುವಾರ

ಅಣ್ಣನಿಗೆ ಶೇವ್ ಮಾಡಿದೆ. ಗಲ್ಲದ ಕೆಳಗೆ ಒಂದು ಮಚ್ಚೆ ಇದೆ, ನನಗೆ ಗೊತ್ತಿರಲಿಲ್ಲ. ಐವತ್ತನಾಲ್ಕು ವರ್ಷ ಒಂದೇ ಮನೆ.

ಬಿ.ಪಿ. ನೋಡಲಿಲ್ಲ.


ಜೂನ್ 25, ಮಂಗಳವಾರ

ಶೂಟಿಂಗಿಗೆ ಹೋಗಲಿಲ್ಲ. ಫೋನು ಬಂತು, ಎತ್ತಲಿಲ್ಲ. ಅಣ್ಣ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತಾನೆ. ಎಚ್ಚರವಾದಾಗ ಕಿಟಕಿಯ ಪರದೆ ಸರಿಸು ಎಂದ. ಸರಿಸಿದೆ. ಸ್ವಲ್ಪ ಮುಚ್ಚು ಎಂದ. ಮುಚ್ಚಿದೆ. “ಹಾಂ, ಅಷ್ಟು” ಎಂದ. ಎದುರಿನ ಕಟ್ಟಡದ ಮೇಲೆ ಯಾರೋ ಬೆಡ್‌ಶೀಟು ಒಣಗಿಸುತ್ತಿದ್ದರು, ಇಬ್ಬರೂ ಅದನ್ನೇ ನೋಡಿದೆವು.

ಇವತ್ತು ಬರೆಯುವಂಥದ್ದು ಏನೂ ಆಗಲಿಲ್ಲ. ನಾನು ಚೆನ್ನಾಗಿಯೇ ಇದ್ದೇನೆ. ಅತ್ತಿಗೆ ಮೂರು ಸಲ ‘ಊಟ ಮಾಡಿದ್ಯಾ’ ಎಂದು ಕೇಳಿದರು. ಮೂರು ಸಲವೂ ಮಾಡಿದೆ ಎಂದೆ. ಮಾಡಿದ್ದೆನೋ ಇಲ್ಲವೋ ಯೋಚಿಸಬೇಕು.


ಜೂನ್ 28, ಶುಕ್ರವಾರ

ನಿನ್ನೆಯದನ್ನು ಬರೆಯುತ್ತಿದ್ದೇನೆ. ನಿನ್ನೆ ಆಗಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಅಣ್ಣನ ಉಸಿರಾಟ ಬದಲಾಯಿತು. ನಾಲ್ಕು ಉಸಿರು, ಆಮೇಲೆ ಖಾಲಿ, ಮತ್ತೆ ನಾಲ್ಕು. ಅದರ ಅರ್ಥ ನನಗೆ ಗೊತ್ತು. ಅತ್ತಿಗೆಯನ್ನು ಹತ್ತಿರ ಕೂರಿಸಿ ಹೇಳಿದೆ. ಈ ಖಾಲಿ ಉದ್ದವಾಗುತ್ತ ಹೋಗುತ್ತದೆ, ಅವನಿಗೆ ಇದು ಗೊತ್ತಾಗುವುದಿಲ್ಲ, ನೋವಿಲ್ಲ, ಕೈ ಹಿಡಿದುಕೊಳ್ಳಿ, ಮಾತಾಡಿ, ಕಿವಿ ಕೇಳಿಸುತ್ತಿರಬಹುದು. ಅತ್ತಿಗೆ ಕೈ ಹಿಡಿದುಕೊಂಡು ಮೆಲ್ಲಗೆ ಏನೇನೋ ಹೇಳುತ್ತಿದ್ದರು. ಮನೆಯ ನಲ್ಲಿ ಸರಿಮಾಡಿಸಿದ್ದು, ಎದುರುಮನೆಯವರು ಕೇಳಿದ್ದು. ನಾನು ಹಾಸಿಗೆಯ ಇನ್ನೊಂದು ಬದಿಗೆ ನಿಂತಿದ್ದೆ. ಕೂರಲಿಲ್ಲ. ಕೆಲಸದಲ್ಲಿದ್ದಾಗ ರೋಗಿಯ ಪಕ್ಕ ಕೂತು ಅಭ್ಯಾಸವಿಲ್ಲ.

ನಾಲ್ಕು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ ಖಾಲಿ ಬಂತು, ಉಸಿರು ಬರಲಿಲ್ಲ. ಯಂತ್ರ ಇರಲಿಲ್ಲ, ಗೆರೆ ಇರಲಿಲ್ಲ, ಯಾವ ಶಬ್ದವೂ ಇರಲಿಲ್ಲ. ಕತ್ತಿನಲ್ಲಿ ಎರಡು ಬೆರಳಿಟ್ಟು ಒಂದು ನಿಮಿಷ ನೋಡಿದೆ. ಗಡಿಯಾರ ನೋಡಿದೆ. “ನಾಲ್ಕು ಹತ್ತು. ಮುಗೀತು ಅತ್ತಿಗೆ” ಎಂದೆ. ನನ್ನ ಧ್ವನಿ ಸರಿಯಾಗಿತ್ತು. ಅತ್ತಿಗೆ ಹಣೆಯನ್ನು ಅವನ ಕೈಯ ಮೇಲೆ ಇಟ್ಟರು.

ಆಮೇಲೆ ಏನಾಯಿತೋ ಅದನ್ನು ಸಾಲಾಗಿ ಬರೆಯಲು ಆಗುತ್ತಿಲ್ಲ. ನಾನು ದಿಂಬು ಕಿತ್ತು ಎಸೆದೆ. ಹಾಸಿಗೆಯ ತಲೆ ಇಳಿಸಿದೆ. ಮಂಡಿ ಹಾಸಿಗೆಯ ಮೇಲಿತ್ತು. ಅಂಗಿಯ ಗುಂಡಿ ಹಾರಿದವು. ಕೈ ಎದೆಯ ಮೇಲಿತ್ತು, ನಾನು ಒತ್ತುತ್ತಿದ್ದೆ.

ಅವನಿಗೆ ಬೇಡವಾಗಿತ್ತು. ಅವನು ಬೇಡ ಎಂದದ್ದಕ್ಕೆ ಸಾಕ್ಷಿ ನಾನು. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಒಂದು ಪಕ್ಕೆಲುಬು ಅಂಗೈಯ ಕೆಳಗೆ ಹೋಯಿತು. ಹೋದದ್ದು ಗೊತ್ತಾಯಿತು. ಗೊತ್ತಾಗಿಯೂ ಒತ್ತಿದೆ. ಎಣಿಸುತ್ತಿರಲಿಲ್ಲ. ‘ಅಣ್ಣ, ಅಣ್ಣ’ ಎನ್ನುತ್ತಿದ್ದೆನಂತೆ, ಪಕ್ಕದ ಹಾಸಿಗೆಯವರ ಮಗಳು ಆಮೇಲೆ ಹೇಳಿದಳು.

“ಏಯ್, ಇಳಿ ಕೆಳಗೆ.”

ಅತ್ತಿಗೆ ಎದ್ದು ನಿಂತಿದ್ದರು. ಅವರು ನನ್ನ ಭುಜಕ್ಕೂ ಬರುವುದಿಲ್ಲ. ಬೆನ್ನ ಹಿಂದಿನಿಂದ ನನ್ನ ಕಾಲರ್ ಹಿಡಿದು ಎಳೆದರು.

“ಇಳಿ ಅಂದೆ. ನಾನು ಹೇಳ್ತಿದೀನಿ, ಇಳಿ.”

ಇಳಿದೆ. ಹನ್ನೆರಡು ವರ್ಷದವನಾಗಿದ್ದಾಗ ಗೋಡೆ ಹತ್ತಿದ್ದಕ್ಕೆ ಬೈಸಿಕೊಂಡು ಇಳಿದ ಹಾಗೆಯೇ ಇಳಿದೆ. ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು. ಎಲ್ಲಿತ್ತೋ ಗೊತ್ತಿಲ್ಲ, ವಾರ್ಡಿಗೆಲ್ಲ ಕೇಳಿಸುವ ಹಾಗೆ ಬಂತು. ನನಗೆ ಅಣ್ಣ ಬೇಕಾಗಿತ್ತು. ಅಷ್ಟೇ. ಅವನಿಗೆ ನೋವಾದರೂ ಸರಿ, ಎಲುಬು ಮುರಿದರೂ ಸರಿ, ನನಗೆ ಬೇಕಾಗಿತ್ತು.

ಅತ್ತಿಗೆ ನನ್ನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡು ನಿಂತರು. ನನ್ನನ್ನು ಬೈಯಲಿಲ್ಲ. ತುಂಬ ಹೊತ್ತಾದ ಮೇಲೆ “ಇರ್ಲಿ ಬಿಡು, ಅವರಿಗೇನೂ ಆಗ್ಲಿಲ್ಲ. ಆಗ್ಲೇ ಹೋಗಿದ್ರು” ಎಂದರು.

ಡ್ಯೂಟಿಯಲ್ಲಿದ್ದ ಸಿಸ್ಟರ್ ಫೈಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ನೋಡಿದ್ದಳು. ಏನೂ ಕೇಳಲಿಲ್ಲ, ಸಮಯ ಮಾತ್ರ ಕೇಳಿದಳು.

“ನಾಲ್ಕು ಹತ್ತು” ಎಂದರು ಅತ್ತಿಗೆ. “ಇವನೇ ನೋಡಿ ಹೇಳಿದ.”

ಸಿಸ್ಟರ್ ಬಂದು ಅಣ್ಣನ ಕೈಯ ಸೂಜಿ ತೆಗೆಯತೊಡಗಿದಳು. ನಾನು ಎದ್ದು ಟ್ರೇಯಿಂದ ಹತ್ತಿ ತೆಗೆದುಕೊಂಡೆ. ಸೂಜಿ ತೆಗೆದ ಜಾಗಕ್ಕೆ ಹತ್ತಿ ಒತ್ತಿ ಹಿಡಿಯಬೇಕು. ಅತ್ತಿಗೆ ನನ್ನ ಕೈಯಿಂದ ಹತ್ತಿಯನ್ನು ತೆಗೆದು ಸಿಸ್ಟರಿಗೆ ಕೊಟ್ಟರು.

“ಅದು ಅವಳ ಕೆಲಸ. ನೀನು ಕೂತ್ಕೋ.”

ಹಾಸಿಗೆಯ ಪಕ್ಕ, ರೋಗಿಯ ಕಡೆಯವರಿಗೆಂದು ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಅಂಥ ಕುರ್ಚಿಯಲ್ಲಿ ಕೂತವರನ್ನು ಇಪ್ಪತ್ತಾರು ವರ್ಷದಲ್ಲಿ ಎಷ್ಟು ಸಲ ‘ಸ್ವಲ್ಪ ಹೊರಗಿರಿ’ ಎಂದು ಎಬ್ಬಿಸಿ ಕಳಿಸಿದ್ದೇನೋ. ಪರದೆ ಎಳೆದರು. ಸಿಸ್ಟರ್ ಅಣ್ಣನ ಮುಖ ಒರೆಸಿದಳು. ನಾನು ಅವನ ಪಾದ ಹಿಡಿದುಕೊಂಡು ಕೂತಿದ್ದೆ. ಯಾರೂ ನನಗೆ ಹೊರಗಿರಿ ಎನ್ನಲಿಲ್ಲ.